ಅಮ್ಮನ ಕೊನೆಯ ಗಂಬೋ

ಹೊಟ್ಟೆ ಕತ್ತರಿಸಿ ಸಣ್ಣ ಮಾಡುವ ಆಪರೇಷನ್ ನಿಗದಿಯಾದ ಮೇಲೆ ನನ್ನ ತಂಗಿ ಕ್ಲೋಡೆಟ್ ಒಂದೊಂದು ತಿನಿಸಿಗೂ ವಿದಾಯ ಹೇಳುತ್ತ ನಮ್ಮ ಲಫಾಯೆಟ್ ಊರು ಪೂರ್ತಿ ಸುತ್ತಿದಳು. ಈ ಆಪರೇಷನ್ನಿಗೆ ಹೋಗುವವರೆಲ್ಲ ಹಾಗೇ ಮಾಡುತ್ತಾರಂತೆ. ಕರಿದ ಸೀಗಡಿ, ಕೋಳಿ, ಸಕ್ಕರೆ ಪುಡಿ ಉದುರಿಸಿದ ಬೆನ್ಯೆ ಎಂಬ ಕರಿದ ಸಿಹಿ, ಒಂದನ್ನೂ ಬಿಡಲಿಲ್ಲ. ಜೊತೆಗೆ ಹೋಗಿ ದಪ್ಪಗಾದವಳು ನಾನು.

ಅವಳು ಬಿಟ್ಟದ್ದು ಒಂದನ್ನೇ. ಅವಳ ಫ್ರೀಜರಿನ ತಳದಲ್ಲಿ, ಹಳೆಯ ಐಸ್‌ಕ್ರೀಮ್ ಡಬ್ಬಿಯೊಳಗೆ ಅಮ್ಮನ ಗಂಬೋ ಇತ್ತು, ಅನ್ನಕ್ಕೆ ಸುರಿದುಕೊಂಡು ತಿನ್ನುವ ಮಾಂಸದ ಗಟ್ಟಿ ಸಾರು. ಅಮ್ಮ ತೀರಿಕೊಳ್ಳುವ ಸ್ವಲ್ಪ ಮುಂಚೆ ಮಾಡಿದ್ದು. ಹಿಟ್ಟನ್ನು ಎಣ್ಣೆಯಲ್ಲಿ ಹುರಿಯುತ್ತ, ಇನ್ನೇನು ಸೀಯಿತು ಅನ್ನುವಾಗ ಈರುಳ್ಳಿ ಸುರಿಯುವ ಹದ ಅಮ್ಮನ ಕೈಗೆ ಮಾತ್ರ ಗೊತ್ತಿತ್ತು. ನಾವು ಮಾಡಿದರೆ ಒಂದೋ ಹಸಿ, ಇಲ್ಲವೋ ಸೀಕಲು.

"ಇದನ್ನೂ ಈಗ್ಲೇ ತಿಂದ್ಬಿಡೇ" ಅಂದೆ.

"ಹೋಗಕ್ಕ! ಇದೇನು ಅಂಗಡಿ ಕೋಳೀನಾ, ವಿದಾಯ ಹೇಳೋಕೆ? ಅಮ್ಮನ ನೀಲಿ ಫ್ರಾಕು ನನ್ನ ಮೈಗೆ ಸರಿಯಾಗಿ ಆದ ದಿನ ತೆಗೀತೀನಿ. ಅದನ್ನ ಹಾಕ್ಕೊಂಡೇ ತಿಂತೀನಿ."

ನಾಲಿಗೆಯ ರುಚಿ ಬದಲಾಗಬಹುದು ಎಂದು ಆಸ್ಪತ್ರೆಯವರು ಮೊದಲೇ ಹೇಳಿದ್ದರು. "ಬದಲಾಗ್ಲಿ ಬಿಡಿ, ಡೋನಟ್ ಬೇಡ ಅನ್ಸುತ್ತೆ" ಎಂದು ಇವಳು ನಕ್ಕಿದ್ದಳು.

ಆಪರೇಷನ್ನಿನಿಂದ ಅವಳಿಗೆ ಒಳ್ಳೆಯದೇ ಆಯಿತು, ಇಲ್ಲ ಅನ್ನಲಾರೆ. ಸಕ್ಕರೆ ಕಾಯಿಲೆ ಹಿಡಿತಕ್ಕೆ ಬಂತು. ಚರ್ಚಿನ ಮೆಟ್ಟಿಲನ್ನು ನನ್ನ ಕೈ ಹಿಡಿಯದೆ ಹತ್ತತೊಡಗಿದಳು. ಆದರೆ ಕಾಫಿ ತುಕ್ಕಿನ ಹಾಗಿದೆ ಅಂದಳು. ಪಕ್ಕದ ಮನೆಯಲ್ಲಿ ಮಾಂಸ ಹುರಿದರೆ ಮೂಗು ಮುಚ್ಚಿಕೊಂಡು ಕಿಟಕಿ ಹಾಕಿದಳು. "ಡಾಕ್ಟರು ಬೇರೆ ಯಾರ್ದೋ ನಾಲಿಗೆ ಇಟ್ಬಿಟ್ರು ಕಣೇ" ಎಂದು ತಮಾಷೆ ಮಾಡಿದಳು. ನಾವಿಬ್ಬರೂ ನಕ್ಕೆವು. ಅಮ್ಮನ ಗಂಬೋಗೆ ಮಾತ್ರ ಇದ್ಯಾವುದೂ ತಟ್ಟುವುದಿಲ್ಲ ಎಂದು ಅದ್ಯಾಕೆ ನಂಬಿದ್ದೆವೋ.

ಒಂದು ಭಾನುವಾರ ಫ್ರಾಕು ಅವಳ ಮೈಗೆ ಸರಿಯಾಗಿ ಆಯಿತು. ಕ್ಲೋಡೆಟ್ ಫೋನು ಮಾಡಿ ನನ್ನನ್ನು ಕರೆದಳು. ನಾನು ಹೋಗುವಷ್ಟರಲ್ಲಿ ಒಲೆಯ ಮೇಲೆ ಗಂಬೋ ಬಿಸಿಯಾಗುತ್ತಿತ್ತು, ಇವಳು ನೀಲಿ ಫ್ರಾಕಿನಲ್ಲಿ ಕಿಟಕಿಯ ಹತ್ತಿರ ನಿಂತಿದ್ದಳು. ಹಿಂದಿನಿಂದ ನೋಡಿ ಅಮ್ಮನೇ ಅಂದುಕೊಂಡೆ.

ಬಟ್ಟಲಿಗೆ ಬಡಿಸಿಕೊಂಡು ಒಂದು ಚಮಚ ಬಾಯಿಗಿಟ್ಟಳು. ಅಗಿದಳು, ಅಗಿಯುತ್ತಲೇ ಇದ್ದಳು, ನುಂಗಲಿಲ್ಲ. ಕೊನೆಗೆ ಕಾಗದದ ಕರವಸ್ತ್ರಕ್ಕೆ ಉಗಿದಳು. ಇನ್ನೊಮ್ಮೆ ಬರೀ ಚಮಚದ ತುದಿಯಷ್ಟು ತೆಗೆದುಕೊಂಡು ನೋಡಿದಳು. ಅದನ್ನೂ ಉಗಿದಳು.

"ಕಬ್ಬಿಣ ನೆಕ್ಕಿದ ಹಾಗಿದೆ. ಕೆಟ್ಟಿರ್ಬೇಕು ಅಲ್ವೇನೇ? ಎಷ್ಟು ದಿನ ಆಯ್ತು! ನೀನೇ ನೋಡು."

ಕೆಟ್ಟಿರಲಪ್ಪ ಎಂಬ ಆಸೆ ಅವಳ ಮುಖದಲ್ಲಿತ್ತು. ನಾನು ಒಂದು ಚಮಚ ತಿಂದೆ. ಸಾಕ್ಷಾತ್ ಅಮ್ಮ.

"ಕೆಟ್ಟೋಗಿದೆ ಕಣೇ" ಅಂದೆ.

"ಹಾಗಾದ್ರೆ ಚೆಲ್ಲು."

ಬಟ್ಟಲು ಎತ್ತಿಕೊಂಡು ಸಿಂಕಿನವರೆಗೆ ಹೋದೆ. ಹಾಳು ಕೈ ಬಗ್ಗಲಿಲ್ಲ.

"ಯಾಕೆ ನಿಂತೆ? ಈ ಕಡೆ ತಿರುಗು."

ತಿರುಗಿದೆ. ನನ್ನ ಕಣ್ಣು ನೋಡಿದ ಮೇಲೆ ಅವಳಿಗೆ ಬೇರೇನೂ ಹೇಳಬೇಕಾಗಿರಲಿಲ್ಲ.

"ಹಂಗೇ ಇದೆಯಾ?"

"ಹಂಗೇ ಇದೆ."

ಕ್ಲೋಡೆಟ್ ಕುರ್ಚಿಯಲ್ಲಿ ಕುಸಿದು ಫ್ರಾಕಿನ ನೆರಿಗೆ ಸವರುತ್ತ ಕೂತಳು. "ಅವತ್ತೇ ತಿನ್ಬೇಕಿತ್ತು. ಕಂಡೋರ ಅಂಗಡೀದೆಲ್ಲ ತುರುಕ್ಕೊಂಡೆ. ಇದೊಂದನ್ನ ಇಟ್ಕೊಂಡೆ, ಮುಟ್ಠಾಳಿ."

ಆಮೇಲೆ ಎದ್ದು ನನ್ನ ಕೈಲಿದ್ದ ಬಟ್ಟಲಿಗೆ ಅನ್ನ ಹಾಕಿದಳು, ಪಾತ್ರೆಯಲ್ಲಿ ಉಳಿದಿದ್ದನ್ನೆಲ್ಲ ಅದರ ಮೇಲೆ ಸುರಿದಳು.

"ಕೂತ್ಕೊಂಡು ತಿನ್ನು. ಚೆಲ್ಲಿದ್ರೆ ಅಮ್ಮ ಸುಮ್ನೆ ಬಿಡ್ತಾಳಾ?"

ಕೂತು ತಿಂದೆ. ಪ್ರತಿ ಚಮಚ ನನ್ನ ಬಾಯಿಗೆ ಹೋಗುವುದನ್ನೂ ಅವಳು ನೋಡುತ್ತಿದ್ದಳು. ತಳ ಬಳಿದಾದ ಮೇಲೆ ಮೆಲ್ಲಗೆ ಕೇಳಿದಳು:

"ಖಾರ ಕೊನೆಗೆ ಬರುತ್ತೆ, ಅಲ್ವಾ?"

"ಹೂಂ, ಕೊನೆಗೇ."

"ನಂಗೆ ನೆನಪಿದೆ" ಅಂದಳು.