ಸುಣ್ಣದ ಕೆಳಗಿನ ಮಸಿ

ಹಂಡೆ ಒಲೆ ಉರಿಯುವ ಬಚ್ಚಲುಮನೆಯ ಗೋಡೆ ಯಾರ ಮನೆಯಲ್ಲಾದರೂ ಕಪ್ಪೇ. ಬೆಳಗೋಡಿನ ಮಾರಮ್ಮನ ಮನೆಯಲ್ಲೂ ಹಾಗೇ ಇತ್ತು. ಮಗಳು ಶೃತಿಗೆ ಆಸ್ಪತ್ರೆಯಲ್ಲಿ ಚೊಚ್ಚಲ ಹೆರಿಗೆಯಾಗಿತ್ತು. ವಾರದೊಳಗೆ ಕೂಸನ್ನು ಎತ್ತಿಕೊಂಡು ತವರಿಗೆ ಬರುವವಳಿದ್ದಳು. ಬಾಣಂತಿಗೂ ಕೂಸಿಗೂ ನೀರು ಹಾಕುವ ಜಾಗ ಚೊಕ್ಕಟವಾಗಿರಲೆಂದು ಮಾರಮ್ಮ ಟೈಲ್ಸ್ ಹಾಕಿಸಲು ಹೊರಟಳು. ಗಾರೆ ಕೆಲಸದ ಧರ್ಮ ಬರುವ ಮೊದಲೇ, ಮಸಿ ಕಾಣದಂತೆ ಗೋಡೆಗೆ ತಾನೇ ದಪ್ಪಗೆ ಸುಣ್ಣ ಬಳಿದಳು.

ಗೋಡೆ ಮುಟ್ಟಿ ನೋಡಿದ ಧರ್ಮ, "ಇದನ್ನೆಲ್ಲ ಕೆರೀಬೇಕಾಯ್ತದೆ ಕಣಕ್ಕ. ತೊಳೆದು, ಒಣಗ್ಸಿ, ಆಮೇಲೆ ಸಿಮೆಂಟು ಹಿಡಿಯಂಗೆ ಪ್ರೈಮರ್ ಹೊಡೀಬೇಕು," ಎಂದ.

"ಹಾಲಿನಂಗೆ ಸುಣ್ಣ ಬಳ್ದಿವ್ನಿ, ಮತ್ತೇನ್ ಕೆರೀತೀಯ? ಕೂಲಿ ಎಳೆಯೋ ಯೋಚ್ನೆನಾ? ಮಗಳು ಬತ್ತಾವ್ಳೆ. ಸುಮ್ನೆ ಅಂಟ್ಸು."

ಧರ್ಮ ಸುಣ್ಣದ ಮೇಲೆಯೇ ಟೈಲ್ಸ್ ಅಂಟಿಸತೊಡಗಿದ. ಸಂಜೆಯೊಳಗೆ ಒಂದು ಗೋಡೆ ಮುಗಿಸಿ ಹೋದ.

ಮರುದಿನ ಪಕ್ಕದ ಮನೆಯ ಶೀಲಾ ಬಂದಳು. ಹೊಸ ಟೈಲ್ಸನ್ನು ಬೆರಳ ಗೆಣ್ಣಿನಿಂದ ಕುಟ್ಟಿದಳು. ಟೊಳ್ಳು ಸದ್ದು ಬಂತು.

"ಮಾರಕ್ಕ, ಮಸಿ ಕೆರೆಸಿದ್ಯಾ?"

"ನೀನೂ ಧರ್ಮನ ಕಡೆಯೋಳೇನೆ?"

"ನಮ್ಮತ್ತೆ ಯಾಕೆ ಕುಂಟ್ತಾರೆ ಗೊತ್ತಾ?"

"ಬಚ್ಚಲಲ್ಲಿ ಜಾರಿದ್ರಂತಲ್ಲ."

"ಜಾರ್ಲಿಲ್ಲ ಕಣಕ್ಕ. ಸ್ನಾನಕ್ಕೆ ಕೂತಿದ್ರು. ಮೇಲಿಂದ ಟೈಲ್ಸ್ ಕಳಚ್ಕಂಡು ಬಿತ್ತು. ಹಿಮ್ಮಡಿ ನರ ಕೊಯ್ದೋಯ್ತು. ನಾವೂ ಮಸಿ ಕೆರೆಸ್ದೆ ಅಂಟ್ಸಿದ್ವಿ, ಹೇಳ್ಕೊಳಕೆ ನಾಚಿಕೆಯಾಗಿ ಜಾರಿದ್ರು ಅಂದ್ವಿ."

ಶೀಲಾ ತುದಿಯ ಟೈಲ್ಸಿನ ಹಿಂದೆ ಒಂದು ಚಮಚ ತೂರಿಸಿ ಮೀಟಿದಳು. ಅದು ಸಲೀಸಾಗಿ ಕೈಗೆ ಬಂತು. ಹಿಂಬದಿಯ ಸಿಮೆಂಟಿಗೆ ಸುಣ್ಣದ ಪದರ ಅಂಟಿತ್ತು, ಸುಣ್ಣಕ್ಕೆ ಮಸಿ. ಗೋಡೆಯ ಮೇಲೆ ಸಿಮೆಂಟಿನ ಗುರುತೇ ಇರಲಿಲ್ಲ.

"ಸಿಮೆಂಟು ಸುಣ್ಣನ ಹಿಡ್ಕಂಡೈತೆ. ಸುಣ್ಣ ಮಸಿನ ಹಿಡ್ಕಂಡೈತೆ. ಮಸಿ ಯಾರ್ನ ಹಿಡ್ಕಂಡಾತು, ಹೇಳು?"

ಮಾರಮ್ಮ ಟೈಲ್ಸಿನ ಚೂಪು ಅಂಚನ್ನು ಮುಟ್ಟಿ ನೋಡಿದಳು. ಆ ಗೋಡೆಯ ಬುಡದಲ್ಲೇ ಅವಳು ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ ನೀರು ಹಾಕಬೇಕಿತ್ತು.

"ಈಗ ಕೆರೆಸಕೆ ಹೋದ್ರೆ ಶೃತಿ ಬರೋದ್ರೊಳಗೆ ಮುಗಿಯಕಿಲ್ಲ ಕಣೆ."

"ಮುಗೀದಿದ್ರೆ ಏನಂತೆ? ನಮ್ಮನೇಲಿ ಹಂಡೆ ಐತೆ, ಗೋಡೆನೂ ಆಮೇಲೆ ಕೆರೆಸಿ ಗಟ್ಟಿ ಮಾಡ್ಸಿವಿ. ಬಾಣಂತಿ ನೀರು ಅಲ್ಲೇ ಹಾಕನ."

ಮಾರಮ್ಮ ಧರ್ಮನಿಗೆ ತಾನೇ ಫೋನ್ ಮಾಡಿದಳು. ಅವನು ಅಂಟಿಸಿದ್ದನ್ನೆಲ್ಲ ಕಿತ್ತು, ಗಟ್ಟಿ ಗಾರೆ ಸಿಗುವವರೆಗೆ ಗೋಡೆ ಕೆರೆದ. ಜಿಡ್ಡು ಹೋಗುವಂತೆ ತಿಕ್ಕಿ ತೊಳೆದ. ಟೊಳ್ಳಾಗಿದ್ದ ಕಡೆ ಹೊಸ ಗಾರೆ ಹಾಕಿ ಪೂರ್ತಿ ಒಣಗಲು ಬಿಟ್ಟ. ಆಮೇಲೆ ಧೂಳು ಒರೆಸಿ ಪ್ರೈಮರ್ ಬಳಿದ, ಅದು ಒಣಗಿದ ಮೇಲೆಯೇ ಟೈಲ್ಸ್ ಮುಟ್ಟಿದ. ಅಷ್ಟರಲ್ಲಿ ಶೃತಿ ಬಂದಾಗಿತ್ತು. ತವರಿನಲ್ಲಿ ಕೂಸಿನ ಮೊದಲ ಸ್ನಾನ ಶೀಲಾಳ ಮನೆಯಲ್ಲೇ ಆಯಿತು.

ಅಕ್ಕಂದಿರೇ, ಅಮ್ಮಂದಿರೇ, ಟೈಲ್ಸ್ ಹಾಕಿಸುವ ಮೊದಲು ಒದ್ದೆ ಅಂಗೈಯನ್ನು ಗೋಡೆಗೆ ಒತ್ತಿ ನೋಡಿ. ಸುಣ್ಣವೋ ಮಸಿಯೋ ಕೈಗೆ ಹತ್ತಿದರೆ ಕೆಲಸ ನಿಲ್ಲಿಸಿ, ಕೆರೆಸಿ. ಪ್ರೈಮರ್ ಗಟ್ಟಿ ಗೋಡೆಗೆ ಮಾತ್ರ, ಉದುರುವ ಸುಣ್ಣವನ್ನು ಅದು ಹಿಡಿದು ನಿಲ್ಲಿಸಲಾರದು. ಗೋಡೆ ಒಣಗಲು ನಾಲ್ಕು ದಿನ ಬೇಕೆಂದು ಮೇಸ್ತ್ರಿ ಕೇಳಿದರೆ ಬೈಯಬೇಡಿ, ಕೊಡಿ. ಆ ಗೋಡೆಯ ಕೆಳಗೆ ಕೂರುವವರು ನಿಮ್ಮವರೇ.