ನಡುಪಿಚ್ಚಿನಿಂದ ಹಿಂದಕ್ಕೆ

ಓಡಲೇ, ತಿರುಗಲೇ?

ಚೆಂಡು ದೂರ ಹೋಗಿರಲಿಲ್ಲ. ಎದುರಾಳಿ ಆಗಲೇ ಅದನ್ನು ಎತ್ತಿಕೊಂಡಿದ್ದ. ಇಲ್ಲಿ ಓಟವೇ ಇಲ್ಲವೆಂದು ಅಮೋಸ್ ಗ್ರಿಮ್‌ಶಾಗೆ ಗೊತ್ತಿತ್ತು. ಆದರೂ ಆ ತುದಿಯಿಂದ ನಾಯಕ, ಗಿರಣಿಯ ಚಿಕ್ಕ ಧಣಿ ಎಡ್ಮಂಡ್ ಥಾರ್ನ್‌ಲೀ ನುಗ್ಗಿ ಬರುತ್ತಿದ್ದ.

"ಓಡೋ ಗ್ರಿಮ್‌ಶಾ, ಓಡೋ ಕತ್ತೆ!"

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಕೂಲಿಗೆ ಆಡುವವರಿಗೆ ಯಾರೂ ಹೇಳಿಕೊಡಬೇಕಿಲ್ಲ. ದೊಡ್ಡ ಮನೆಯವರು ತಪ್ಪಿ ಓಡಿಬಂದರೆ ಅವರನ್ನು ದಾಟಿ ಆ ತುದಿಗೆ ಓಡಿ, ಅವರ ಬದಲು ತಾನು ಔಟಾಗಬೇಕು. ಹೊರಗೆ ಬಂದು "ತಪ್ಪು ನಂದೇ, ಧಣಿ" ಎನ್ನಬೇಕು. ಅಮೋಸ್ ಎಷ್ಟೋ ಸಲ ಅಂದಿದ್ದ.

ಕಳೆದ ಚಳಿಗಾಲದಲ್ಲಿ ಅವನ ಬಾತ ಮಂಡಿಗೆ ಪಟ್ಟಿ ಸುತ್ತಿಸಿ ಫುಟ್‌ಬಾಲ್ ಮೈದಾನಕ್ಕೆ ನೂಕಿದ್ದವನು ಎಡ್ಮಂಡನ ಅಪ್ಪ, ಆ ಕ್ಲಬ್ಬಿಗೂ ಒಡೆಯನಾದ ದೊಡ್ಡ ಧಣಿ. ಮಂಡಿ ಕೆಟ್ಟ ಮೇಲೆ ಆಡಿಸಲೂ ಇಲ್ಲ, ಬೇರೆ ಕ್ಲಬ್ಬಿಗೆ ಹೋಗಲು ಬಿಡಲೂ ಇಲ್ಲ. ಉಳಿದದ್ದು ಬೇಸಿಗೆಯ ಈ ಬ್ಯಾಟು. ಇವತ್ತು ಕೌಂಟಿ ತಂಡದವರು ಅವನನ್ನು ಆರಿಸಿಕೊಳ್ಳಬಹುದೇ ಎಂದು ನೋಡಲೆಂದೇ ಬಂದು ಕೂತಿದ್ದರು.

ಅಮೋಸ್ ನಡುಪಿಚ್ಚಿನಲ್ಲಿ ನಿಂತ. ತಿರುಗಿ ಓಡಿದ. ಬ್ಯಾಟನ್ನು ತನ್ನ ಗೆರೆಯೊಳಗೆ ಊರಿದ.

ಚಿಕ್ಕ ಧಣಿ ಔಟಾದ. ದಿಣ್ಣೆಯ ಮೇಲೆ ಕೂತಿದ್ದ ನಾವು, ಗಿರಣಿಯ ಮಗ್ಗದವರು, ಕತ್ತು ನೀಡಿ ನೋಡಿದೆವು. ಮುದುಕಿಯೊಬ್ಬಳು, "ಅಯ್ಯಯ್ಯೋ, ಧಣಿ ಮರಿ ಬಿತ್ತಲ್ರೇ!" ಎಂದು ಬಾಯಿಗೆ ಕೈ ಅಡ್ಡ ಹಿಡಿದಳು.

ಚಹಾದ ಹೊತ್ತು. ಹುಲ್ಲು ಕತ್ತರಿಸುವ ಯಂತ್ರ ಎಳೆಯುವ ಕುದುರೆಗೆ, ಗೊರಸು ನೆಲ ಕೆಡಿಸದಂತೆ ತೊಡಿಸುವ ಚರ್ಮದ ಬೂಟುಗಳನ್ನು ನೇತುಹಾಕುವ ಕೊಟ್ಟಿಗೆಯೇ ಕೂಲಿ ಆಟಗಾರರ ಕೋಣೆ. ಅಮೋಸ್ ಅಲ್ಲಿ ಬ್ರೆಡ್ಡು, ಈರುಳ್ಳಿ ತಿನ್ನುತ್ತಿದ್ದ. ಎಡ್ಮಂಡ್ ಒಳಗೆ ಬಂದ. ಆ ಹೊಸಿಲನ್ನು ಅವನು ತುಳಿದದ್ದು ಅದೇ ಮೊದಲು.

"ಕುಡಿದಿದ್ದೀಯೇನೋ, ನಾಯಿ?"

"ಇಲ್ಲ."

"ಬರೀ ಇಲ್ಲ? ಧಣಿ ಅನ್ನೋಕೆ ನಾಲಿಗೆ ಬಿದ್ದುಹೋಯ್ತಾ?"

ಅಮೋಸ್ ಈರುಳ್ಳಿ ಅಗಿದ.

"ಅಪ್ಪನ ಎದುರಿಗೆ, ಕೌಂಟಿಯವರ ಎದುರಿಗೆ ತಪ್ಪು ನಂದು ಅಂತ ಹೇಳ್ಬೇಕು. ಇಲ್ದಿದ್ರೆ ಫುಟ್‌ಬಾಲಲ್ಲಿ ಕೊಳೆತ ಹಾಗೆ ಇಲ್ಲೂ ಕೊಳೀತೀಯ. ನಿನ್ನ ಹೆಂಡ್ತಿ ನಿಲ್ಲೋದೂ ನಮ್ಮ ಮಗ್ಗದ ಮುಂದೇನೇ."

ಅವನು ಹೋದ ಮೇಲೆ ಮುದಿ ಬೌಲರ್ ಜೇಬೆಜ್ ಮೂಲೆಯಿಂದ ಕೆಮ್ಮಿದ. "ಹೇಳ್ಬುಡ್ಲಾ. ನಾನು ಜನ್ಮೆಲ್ಲಾ ಹೇಳಿವ್ನಿ. ನಾಲ್ಗೆ ಏನೂ ಸವೆದಿಲ್ಲ."

"ನನ್ ಮಂಡಿ ಸವೀತಲ್ಲಣ್ಣ."

"ಥೂ ಬೋಳಿಮಗನೆ! ನಿನ್ ಹೆಂಡ್ತಿ ಹನ್ನಾ ಕೆಲ್ಸ ಹೋದ್ರೆ ಮಂಡಿ ಬೇಯ್ಸ್ಕೊಂಡ್ ತಿಂತೀರಾ?"

ಅಮೋಸ್ ಉಳಿದ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಟ್ಟು ಎದ್ದ. 

ಅವನು ಕೂಲಿಯವರಿಗೆಂದೇ ಇದ್ದ ಪಕ್ಕದ ಸಣ್ಣ ಗೇಟಿನಿಂದ ಹೊರಬಂದಾಗ ಪೆವಿಲಿಯನ್ನಿನ ಮೆಟ್ಟಿಲ ಮೇಲೆ ದೊಡ್ಡ ಧಣಿ, ಚಿಕ್ಕ ಧಣಿ, ಕೌಂಟಿಯವರು ಕಾಯುತ್ತ ನಿಂತಿದ್ದರು. ಅಮೋಸ್ ಟೋಪಿ ತೆಗೆದ. ಬಾಯಿ ತೆರೆದ. ಕಣ್ಣು ಮಾತ್ರ ದಿಣ್ಣೆಯ ಕಡೆ ಹೋಯಿತು.

ಅಲ್ಲಿ ಹನ್ನಾ ಎದ್ದು ನಿಂತಿದ್ದಳು. ಮಗ್ಗಗಳ ಅಬ್ಬರದಲ್ಲಿ ಕಿವಿ ಕಳೆದುಕೊಂಡ ನಮಗೆ ದನಿ ಬೇಕಿಲ್ಲ. ತುಟಿಯಲ್ಲೇ ಮಾತಾಡುತ್ತೇವೆ, ತುಟಿಯಲ್ಲೇ ಓದಿಕೊಳ್ಳುತ್ತೇವೆ. ಹುಡುಗನಾಗಿದ್ದಾಗ ಗಿರಣಿಯಲ್ಲಿ ನೂಲು ಗಂಟು ಹಾಕಿದ ಅಮೋಸನಿಗೂ ಅದು ಬರುತ್ತಿತ್ತು. ಹನ್ನಾಳ ತುಟಿಗಳು ಅಗಲವಾಗಿ ಆಡಿದವು.

ಹೇಳ್ಬ್ಯಾಡ.

ಪಕ್ಕದವಳ ತುಟಿಯೂ ಆಡಿತು. ಆಮೇಲೆ ದಿಣ್ಣೆಯಲ್ಲಿದ್ದ ನಮ್ಮೆಲ್ಲರ ತುಟಿಗಳು. ಹೇಳ್ಬ್ಯಾಡ. ಒಂದು ಸದ್ದೂ ಇಲ್ಲ. ದೊಡ್ಡ ಧಣಿ ನಮ್ಮನ್ನು ನೋಡಿ, "ಏನು ಮೇಯ್ತಿವೆ ಈ ದನಗಳು?" ಎಂದ.

ಅಮೋಸ್ ಟೋಪಿ ಹಾಕಿಕೊಂಡ. ಕುಂಟುತ್ತ ಪಿಚ್ಚಿಗೆ ನಡೆದ. ಕತ್ತಲಾಗುವವರೆಗೂ ಔಟಾಗಲಿಲ್ಲ.

ಕೌಂಟಿಯವರು ಅವನೊಂದಿಗೆ ಮಾತಾಡದೆ ರೈಲು ಹತ್ತಿದರು. ಸೋಮವಾರ ಹನ್ನಾಳ ಮಗ್ಗದ ಮುಂದೆ ಬೇರೊಬ್ಬಳು ನಿಂತಿದ್ದಳು, ತಲೆ ತಗ್ಗಿಸಿಕೊಂಡು.

ತಪ್ಪು ನಂದೇ, ಧಣಿ ಎಂದು ಅಮೋಸ್ ಅಂದು ಹೇಳಲಿಲ್ಲ. ಸಾಯುವವರೆಗೂ ಹೇಳಲಿಲ್ಲ.