ಟಾರ್ಕ್ವಿಲ್ ಹಾಕಿದ ಗಾಲ್ಫ್ ಪ್ರವಾಸ

ಪೈಸ್ಲಿಯ ನಮ್ಮ ಗಾಲ್ಫ್ ಕ್ಲಬ್ಬಿನಲ್ಲಿ ಟಾರ್ಕ್ವಿಲ್ ಲೇಯ್ಡ್‌ಲಾನಷ್ಟು ಜಂಬದವನು ಇನ್ನೊಬ್ಬನಿಲ್ಲ. ದಂತವೈದ್ಯನಾಗಿ ಮೂವತ್ತು ವರ್ಷ ಊರಿನವರ ಹಲ್ಲು ಕಿತ್ತವನು. ಎದುರಿಗಿದ್ದವರು ತಿರುಗಿ ಮಾತಾಡಲಾರರೆಂಬ ಎಣಿಕೆ ನಿವೃತ್ತಿಯಾದ ಮೇಲೂ ಅವನನ್ನು ಬಿಟ್ಟಿರಲಿಲ್ಲ.

ಮಾರ್ಚ್ ತಿಂಗಳಲ್ಲಿ ಅವನು ನನ್ನನ್ನೂ ಅಂಚೆಯವ ಇನಿಸ್‌ನನ್ನೂ ಕೂರಿಸಿಕೊಂಡು, ಬಿಯರ್ ಲೋಟಗಳನ್ನು ಆಚೆ ಸರಿಸಿ, ಬಣ್ಣಬಣ್ಣದ ಗೀಟು ಹಾಕಿದ ಹಾಳೆಯೊಂದನ್ನು ಹರಡಿದ.

"ಐದು ದಿನ, ಆರು ಮೈದಾನ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಸೇಂಟ್ ಆಂಡ್ರೂಸ್, ಹಳೇ ಮೈದಾನ. ಗಾಲ್ಫ್ ಹುಟ್ಟಿದ ಮಣ್ಣು ಕಣ್ರೋ!"

"ಟಾರ್ಕ್ವಿಲ್, ಭಾನುವಾರ ಅಲ್ಲಿ..." ಎಂದ ಇನಿಸ್.

"ಲೋ, ನೀನು ಕಾಗದ ಹಂಚಿದೋನು. ಯೋಜನೆ ನನಗೆ ಬಿಡು."

"ಮುಂಚೆ ಹೆಸರು ಬರೆಸಬೇಡ್ವಾ?" ಎಂದೆ ನಾನು.

"ನನ್ನ ಮುಖ ನೋಡಿದ್ರೆ ಸಾಕು, ಒಳಗೆ ಬಿಡ್ತಾರೆ."

ಮನೆಗೆ ನಡೆಯುವಾಗ ಇನಿಸ್‌ನನ್ನು ಕೇಳಿದೆ, ಏನು ಹೇಳಹೊರಟಿದ್ದೆ ಎಂದು.

"ಭಾನುವಾರ ಆ ಮೈದಾನಕ್ಕೆ ರಜಾ. ನಮ್ಮಮ್ಮ ಆ ಊರಿನೋಳೇ. ಹೇಳೋಕೆ ಬಾಯಿ ತೆಗೆದೆ, ಕೇಳಿದ್ನಾ?"

ನಾನಾದರೂ ಟಾರ್ಕ್ವಿಲ್‌ಗೆ ಹೇಳಬಹುದಿತ್ತು. ಹೇಳಲಿಲ್ಲ.

ಪ್ರವಾಸದ ಕೊನೆಯ ದಿನ, ಆ ಭಾನುವಾರ, ಅವನು ಹೊಸ ಚೌಕಳಿ ಪ್ಯಾಂಟು ತೊಟ್ಟು, ಗಾಲ್ಫ್ ಕೋಲುಗಳ ಚೀಲ ಹೊತ್ತು ಮೈದಾನಕ್ಕೆ ನುಗ್ಗಿದ. ಅಲ್ಲಿ ಮಕ್ಕಳು ಹುಲ್ಲಿನ ಮೇಲೆ ಹೊರಳುತ್ತಿದ್ದರು. ತಾಯಂದಿರು ಕೂಸಿನ ಗಾಡಿ ತಳ್ಳಿಕೊಂಡು ಅಡ್ಡಾಡುತ್ತಿದ್ದರು. ಮುದುಕಿಯೊಬ್ಬಳು ದಪ್ಪ ನಾಯಿಯನ್ನು ಹಿಡಿದು ನಿಂತಿದ್ದಳು.

"ಸ್ವಲ್ಪ ಸರ್ಕೊಳ್ಳಿ ಅಮ್ಮ, ನಾವು ಆಟ ಶುರು ಮಾಡ್ಬೇಕು," ಎಂದ ಟಾರ್ಕ್ವಿಲ್.

"ಎಲ್ಲಿಂದ ಬಂದ್ಯಪ್ಪ? ಅಮೆರಿಕಾನಾ?"

"ಪೈಸ್ಲಿ!"

"ಅಯ್ಯೋ ದೇವರೇ! ನಮ್ಮ ನಾಡಿನೋನೇ! ಪರದೇಶದವನಾಗಿದ್ರೆ ಹೋಗ್ಲಿ ಅನ್ಬಹುದಿತ್ತು. ಭಾನುವಾರ ಇಲ್ಲಿ ಹುಲ್ಲಿಗೂ ರಜಾ ಕಣಪ್ಪ. ಆ ಚೀಲ ಎತ್ಕೋ, ನಮ್ಮ ನಾಯಿ ಕಾಲೆತ್ತೋಕೆ ಜಾಗ ಹುಡುಕ್ತಿದೆ."

ಟಾರ್ಕ್ವಿಲ್ ಕೆಂಪಗಾಗಿ ಇನಿಸ್ ಕಡೆ ತಿರುಗಿದ. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹೇಳೋಕೇನೋ ಧಾಡಿ ನಿನಗೆ?"

"ನೀನು ಮಾತಾಡೋಕೆ ಬಿಟ್ರೆ ತಾನೇ!" ಇನಿಸ್ ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಡುತ್ತಿದ್ದ ಮಕ್ಕಳೂ ತಿರುಗಿ ನೋಡಿದರು.

ಟಾರ್ಕ್ವಿಲ್ ಹೋಗಿ ಕಾರಿನಲ್ಲಿ ಗಾಜು ಏರಿಸಿಕೊಂಡು ಕುಳಿತ. ನಾವಿಬ್ಬರು ಬರಿಗೈಯಲ್ಲಿ ಚೆಂಡು ಬೀಳಿಸುವ ಹದಿನೆಂಟು ಗುಳಿಗಳನ್ನೂ ಸುತ್ತಿದೆವು. ಇನಿಸ್ ತನ್ನ ತಾಯಿ ಹುಡುಗಿಯಾಗಿದ್ದಾಗ ಇಲ್ಲಿ ಬಟ್ಟೆ ಒಣಹಾಕುತ್ತಿದ್ದ ಜಾಗ ತೋರಿಸಿದ. ಕಡಲ ಗಾಳಿಯಲ್ಲಿ ನಿಂತು ಬ್ರೆಡ್ಡು ತಿಂದೆವು. ಹಿಂತಿರುಗುವಾಗ ಗಾಜಿನ ಹಿಂದಿನ ಆ ಒಂಟಿ ಮುಖ ಕಂಡು ನನಗೆ ಒಂದಿಷ್ಟು ಕರುಣೆಯೂ ಬಂತು.

ಅದು ಬಹಳ ದಿನ ಉಳಿಯಲಿಲ್ಲ. ಮರುವಾರ ಕ್ಲಬ್ಬಿನಲ್ಲಿ ಅವನು ಎಲ್ಲರಿಗೂ ಹೇಳುತ್ತಿದ್ದ: "ಬಿರುಗಾಳಿ ಅಂತ ಮೈದಾನ ಮುಚ್ಚಿಬಿಟ್ರು. ಇಲ್ದಿದ್ರೆ ಅವತ್ತು ದಾಖಲೆ ಮಾಡ್ತಿದ್ದೆ."

ಮುಂದಿನ ವರ್ಷ ಪೋರ್ಚುಗಲ್ ಅಂತೆ. ನನ್ನನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಮುಖದ ಮೇಲೇ ಹೇಳಿದೆ. ಅವನು ಕೇಳಿಸಿಕೊಳ್ಳಲಿಲ್ಲ.